‘ಕಾಯಿ’ ಎಂದರೆ ಏನು? ಮನೆಮಾತು ಬೇರೆಯಾದ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವ ಬಗೆ

ವಿಜಯಪುರ ಜಿಲ್ಲೆಯ ಒಂದು ತಾಂಡಾದ, ಅಂದರೆ ಲಂಬಾಣಿಗರ ಊರಿನ, ಕಿರಿಯ ಪ್ರಾಥಮಿಕ ಶಾಲೆ, ಜುಲೈ ತಿಂಗಳು. ಹೊಸದಾಗಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಅಕ್ಕೋರ ಸುತ್ತ ಕುಳಿತಿದ್ದರು. ಅಕ್ಕೋರು ತೆಂಗಿನಕಾಯಿಯ ಚಿತ್ರವಿದ್ದ ಮಿಂಚುಪಟ್ಟಿಯನ್ನು ಎತ್ತಿ ಹಿಡಿದು "ಕಾಯಿ" ಎಂದರು. ಮಕ್ಕಳೆಲ್ಲ ಒಟ್ಟಿಗೆ "ಕಾಯಿ" ಎಂದರು. ಇನ್ನೊಮ್ಮೆ ಹೇಳಿಸಿದರು, ಹೇಳಿದರು. ತುದಿಯಲ್ಲಿದ್ದ ಹುಡುಗಿಯೊಬ್ಬಳು ಪಕ್ಕದವಳನ್ನು ಮೊಣಕೈಯಿಂದ ತಿವಿದು ಮೆಲ್ಲಗೆ "ಕಾಯಿ?" ಎಂದಳು. ಅದು ಅಕ್ಕೋರ ಕಿವಿಗೆ ಬಿತ್ತು. "ಶಾಬಾಸ್" ಎಂದು ಬೆನ್ನು ತಟ್ಟಿದರು. ಹುಡುಗಿ ಕಣ್ಣರಳಿಸಿ ನೋಡುತ್ತಲೇ ಇದ್ದಳು.

ಲಂಬಾಣಿಗರ ಗೋರ್ ಬೋಲಿಯಲ್ಲಿ ಹೆಚ್ಚು ಕಡಿಮೆ ಇದೇ ದನಿಯ ಮಾತಿಗೆ ‘ಏನು’ ಎಂಬ ಅರ್ಥವಿದೆ. ಆ ಮಗು ಉತ್ತರ ಹೇಳಿರಲಿಲ್ಲ, ಪ್ರಶ್ನೆ ಕೇಳಿತ್ತು. ಇಡೀ ತರಗತಿ ಚಿತ್ರವನ್ನು ನೋಡುತ್ತ ‘ಏನು, ಏನು’ ಎಂದು ಕೂಗುತ್ತಿತ್ತು. ಅಲ್ಲಿದ್ದ ದೊಡ್ಡವರಿಗೆ ಅದು ಪಾಠ ಚೆನ್ನಾಗಿ ಸಾಗಿದಂತೆ ಕೇಳಿಸಿತು.

ಇದರಲ್ಲಿ ಆ ಶಿಕ್ಷಕಿಯ ತಪ್ಪು ಹುಡುಕುವುದು ಅನ್ಯಾಯ. ಅವರು ಬೇರೆ ತಾಲ್ಲೂಕಿನಿಂದ ಬಂದವರು, ಮಕ್ಕಳ ಮೇಲೆ ಜೀವ ಇಟ್ಟುಕೊಂಡವರು. ಡಿ.ಇಡಿ. ಓದುವಾಗ ಅವರಿಗೆ ಕನ್ನಡ ಬೋಧನೆಯ ವಿಧಾನ ಕಲಿಸಿದ್ದರು. ಆ ವಿಧಾನವೆಲ್ಲ ನಿಂತಿದ್ದುದು ಒಂದೇ ನಂಬಿಕೆಯ ಮೇಲೆ: ಮಗು ಮನೆಯಿಂದಲೇ ಕನ್ನಡ ಮಾತನಾಡುತ್ತ ಬಂದಿದೆ, ಶಾಲೆ ಅದಕ್ಕೆ ಓದುಬರಹ ಸೇರಿಸಿದರೆ ಸಾಕು. ಪಠ್ಯಪುಸ್ತಕ, ಕಾರ್ಡು, ಪರೀಕ್ಷೆ ಎಲ್ಲವೂ ಇದೇ ನಂಬಿಕೆಯಿಂದ ಹುಟ್ಟಿದವು. ತಾಂಡಾದ ಬಾಗಿಲಲ್ಲಿ ಆ ನಂಬಿಕೆ ಮುರಿದು ಬೀಳುತ್ತದೆ, ಮುರಿದ ಸದ್ದು ಯಾರಿಗೂ ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಶಿಕ್ಷಣ ಮಾಧ್ಯಮದ ಚರ್ಚೆ ಹಳೆಯದು. 1994ರ ಭಾಷಾ ನೀತಿ ಬಂತು, ಅದರ ವಿರುದ್ಧ ಎರಡು ದಶಕ ವ್ಯಾಜ್ಯ ನಡೆಯಿತು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿ ಕೊಟ್ಟಿತು. ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕು ಎಂಬುದು ಅದರ ಶಿಫಾರಸು. ಪ್ರತಿ ಸಲವೂ ವಾದ ಕನ್ನಡ ಮತ್ತು ಇಂಗ್ಲಿಷ್ ನಡುವೆಯೇ ನಡೆದಿದೆ. ‘ಕನ್ನಡ ಅಥವಾ ಮಾತೃಭಾಷೆ’ ಎನ್ನುವಾಗ ನಡುವೆ ನಿಂತ ‘ಅಥವಾ’ದೊಳಗೆ ಲಕ್ಷಾಂತರ ಮಕ್ಕಳು ಕುಳಿತಿದ್ದಾರೆ. ಅವರಿಗೆ ಕನ್ನಡ ಮಾಧ್ಯಮವೂ ಪರಭಾಷಾ ಮಾಧ್ಯಮವೇ. ಅವರ ಮಾತು ಮಾಧ್ಯಮವಾದ ಶಾಲೆಯಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲಿನಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ ಇವೆ. ಅವುಗಳಿಗೆ ಅಲ್ಲಲ್ಲಿ ಸರ್ಕಾರಿ ಶಾಲೆಗಳೂ ಇವೆ. ತುಳು, ಕೊಡವ, ಬ್ಯಾರಿ, ಜೇನು ಕುರುಬರ ನುಡಿ, ಸೋಲಿಗರ ನುಡಿ, ಗೋರ್ ಬೋಲಿ ಇವುಗಳ ಪಾಡು ಬೇರೆ. ಗೋರ್ ಬೋಲಿಯದಂತೂ ವಿಚಿತ್ರ ಸ್ಥಿತಿ. ದೇಶದಲ್ಲಿ ಲಮಾಣಿ ಅಥವಾ ಲಂಬಾಡಿ ನಮ್ಮ ಮಾತೃಭಾಷೆ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಜನಗಣತಿ ಅವರನ್ನೆಲ್ಲ ಹಿಂದಿಯ ತಲೆಬರಹದ ಅಡಿಯಲ್ಲಿ ಸೇರಿಸಿದೆ. ಹೀಗಾಗಿ ತಾಂಡಾದ ಮಗು ಮನೆಯಲ್ಲಿ ಗೋರ್ ಬೋಲಿಯದು, ಶಾಲೆಯಲ್ಲಿ ಕನ್ನಡದ್ದು, ಸರ್ಕಾರದ ಲೆಕ್ಕದಲ್ಲಿ ಹಿಂದಿಯದು.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರಲ್ಲೇ ಸೇರಿದ್ದು. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯೇ ಮಾಧ್ಯಮವಾಗಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಹೇಳುತ್ತದೆ. ಅಮೆರಿಕದಲ್ಲಿ ಇದೇ ಪ್ರಶ್ನೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಚೀನೀ ಮಕ್ಕಳ ಮೂಲಕ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಗ್ಲಿಷ್ ಅರ್ಥವಾಗದ ಮಗುವಿಗೆ ಎಲ್ಲರಿಗೂ ಕೊಟ್ಟ ಪುಸ್ತಕವನ್ನೇ, ಎಲ್ಲರಿಗೂ ಇರುವ ಶಿಕ್ಷಕರನ್ನೇ ಕೊಟ್ಟ ಮಾತ್ರಕ್ಕೆ ಸಮಾನವಾಗಿ ನಡೆಸಿಕೊಂಡಂತಾಗುವುದಿಲ್ಲ ಎಂದು 1974ರಲ್ಲಿ ಆ ನ್ಯಾಯಾಲಯ ಹೇಳಿತು. ತಾಂಡಾದ ಶಾಲೆಯಲ್ಲಿ ಕುಳಿತು ಈ ಮಾತನ್ನು ನೆನೆದರೆ ಅದು ನಮಗೇ ಹೇಳಿದಂತಿದೆ. ಪುಸ್ತಕ ಉಚಿತ, ಸಮವಸ್ತ್ರ ಉಚಿತ, ಹಾಲು, ಮೊಟ್ಟೆ, ಬಿಸಿಯೂಟ ಎಲ್ಲವೂ ಇವೆ. ಪಾಠ ಮಾತ್ರ ಮಗುವಿನ ಕಿವಿಯವರೆಗೆ ಬಂದು ಅಲ್ಲೇ ನಿಲ್ಲುತ್ತಿದೆ.

‘ಇಲ್ಲ, ನಮ್ಮ ಮಕ್ಕಳಿಗೆ ಆರು ತಿಂಗಳಲ್ಲಿ ಕನ್ನಡ ಬಂದುಬಿಡುತ್ತದೆ’ ಎಂದು ಅನೇಕ ಶಿಕ್ಷಕರು ಹೇಳುತ್ತಾರೆ. ಅದು ಸುಳ್ಳಲ್ಲ. ಮಗು ಆಟದ ಬಯಲಿನಲ್ಲಿ ಕನ್ನಡದಲ್ಲಿ ಜಗಳವಾಡುತ್ತದೆ, ಚಾಕ್‌ಪೀಸ್ ಬೇಡುತ್ತದೆ, ಅಣ್ಣನ ಮೇಲೆ ದೂರು ಹೇಳುತ್ತದೆ. ಎಡವಟ್ಟು ಆರಂಭವಾಗುವುದೇ ಇಲ್ಲಿಂದ. ಮಾತಿನ ಕನ್ನಡ ಬೇರೆ, ಪಾಠದ ಕನ್ನಡ ಬೇರೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಈ ಎರಡನ್ನೂ 1979ರಲ್ಲೇ ಬಿಡಿಸಿ ತೋರಿಸಿದರು. ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಒಂದೆರಡು ವರ್ಷದಲ್ಲಿ ಕೈಗೆ ಹತ್ತುತ್ತದೆ. ಓದಿ ಅರ್ಥ ಮಾಡಿಕೊಳ್ಳುವ, ಕಾರಣ ಕೊಡುವ, ಹೋಲಿಸಿ ಹೇಳುವ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಈ ಅಂತರ ತಿಳಿಯದ ಶಾಲೆ ಏನು ಮಾಡುತ್ತದೆ? ಹೊರಗೆ ಪಟಪಟ ಮಾತನಾಡುವ ಮಗು ನಾಲ್ಕನೆಯ ತರಗತಿಯಲ್ಲಿ ಪಾಠ ಓದಿ ಉತ್ತರ ಹೇಳದಿದ್ದಾಗ ‘ಮಂದಬುದ್ಧಿ’ ಎನ್ನುತ್ತದೆ, ‘ಮನೆಯಲ್ಲಿ ಓದಿಸುವವರಿಲ್ಲ’ ಎನ್ನುತ್ತದೆ. ಭಾಷೆಯ ಕೊರತೆ ಬುದ್ಧಿಯ ಕೊರತೆಯಾಗಿ ದಾಖಲಾಗುತ್ತದೆ. ಏಳನೆಯ ತರಗತಿಗೆ ಬರುವಷ್ಟರಲ್ಲಿ ಮಗುವೂ ಅದನ್ನೇ ನಂಬಿರುತ್ತದೆ. ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು. ಮಾತು ಬೇರೆ ಎಂಬ ಒಂದೇ ಕಾರಣಕ್ಕೆ ಒಂದು ಮಗು ತನ್ನನ್ನು ದಡ್ಡ ಎಂದುಕೊಂಡು ಬೆಳೆಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲ ಕೆಲಸಕ್ಕೆ ಒಂದು ಪೈಸೆಯ ಖರ್ಚಿಲ್ಲ. ಶಾಲೆ ತೆರೆದ ಮೊದಲ ವಾರ ಯಾವ ಮಗುವಿನ ಮನೆಯಲ್ಲಿ ಯಾವ ಮಾತು ಆಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು. ‘ಮಾತೃಭಾಷೆ’ ಎಂಬ ಕಾಲಂ ದಾಖಲಾತಿ ಅರ್ಜಿಯಲ್ಲಿ ಇರುತ್ತದೆ, ಆದರೆ ಎಷ್ಟೋ ಕಡೆ ಅದರಲ್ಲಿ ಅಭ್ಯಾಸಬಲದಿಂದ ‘ಕನ್ನಡ’ ಎಂದು ತುಂಬಿರುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಚಿಕ್ಕವು: ತಾಯಿ ಮಗುವಿನೊಂದಿಗೆ ಯಾವ ಮಾತಿನಲ್ಲಿ ಮಾತನಾಡುತ್ತಾಳೆ? ಅಜ್ಜಿ ಕಥೆ ಹೇಳುವುದು ಯಾವುದರಲ್ಲಿ? ಕನ್ನಡ ಮಗುವಿನ ಕಿವಿಗೆ ಎಲ್ಲೆಲ್ಲಿ ಬೀಳುತ್ತದೆ? ಊರಿನ ಮಗ್ಗುಲಲ್ಲೇ ಇರುವ ತಾಂಡಾದ ಮಗುವಿಗೂ ಒಳಗಡೆ ಗುಡ್ಡದ ಬುಡದಲ್ಲಿರುವ ತಾಂಡಾದ ಮಗುವಿಗೂ ಕನ್ನಡದ ಪರಿಚಯ ಒಂದೇ ಮಟ್ಟದ್ದಲ್ಲ. ಕನ್ನಡ ಸ್ವಲ್ಪವೂ ತಿಳಿಯದವರು ಎಷ್ಟು, ಅರೆಬರೆ ತಿಳಿದವರು ಎಷ್ಟು ಎಂಬುದು ಗೊತ್ತಾದ ಮೇಲೆಯೇ ಪಾಠದ ಯೋಜನೆ.

ಮೇಲೆ ಹೇಳಿದ ಅಕ್ಕೋರು ಮಾಡಿದ್ದು ಇದನ್ನೇ. ‘ಕಾಯಿ’ಯ ಗುಟ್ಟನ್ನು ಅವರಿಗೆ ಬಿಡಿಸಿ ಹೇಳಿದವರು ಬಿಸಿಯೂಟದ ಅಡುಗೆಯವರು, ಅದೇ ತಾಂಡಾದ ಹೆಣ್ಣುಮಗಳು. ಅಂದಿನಿಂದ ಅಕ್ಕೋರು ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡರು. ಎಡಗಡೆ ಗೋರ್ ಬೋಲಿ, ಬಲಗಡೆ ಕನ್ನಡ. ತಾಯಿಗೆ ‘ಯಾಡಿ’, ನೀರಿಗೆ ‘ಪಾಣಿ’, ರೊಟ್ಟಿಗೆ ‘ಬಾಟಿ’, ಮನೆಗೆ ‘ಘರ’. ಊಟದ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ದಿನಕ್ಕೆ ನಾಲ್ಕೈದು ಮಾತು ಕೇಳಿ ಬರೆದುಕೊಳ್ಳುತ್ತಿದ್ದರು. ಮಕ್ಕಳು ಅದನ್ನು ನೋಡಿದರು. ಅಕ್ಕೋರು ತಮ್ಮಿಂದ ಕಲಿಯುತ್ತಿದ್ದಾರೆ ಎಂದು ತಿಳಿದ ಮೇಲೆ ಅವರೇ ಹಿಂದೆ ಬಿದ್ದು ಹೇಳಿಕೊಡತೊಡಗಿದರು, ತಪ್ಪು ಹೇಳಿದಾಗ ತಿದ್ದಿದರು. ವರ್ಷವಿಡೀ ಬಾಯಿ ಬಿಡದಿದ್ದ ಮಗು ಅಕ್ಕೋರ ಉಚ್ಚಾರ ತಿದ್ದಲು ಬಾಯಿ ಬಿಟ್ಟಿತು.

ಅಕ್ಷರಕ್ಕೆ ಮುಂಚೆ ಮಾತು: ಎರಡನೆಯ ಭಾಷೆ ಕಲಿಸುವಲ್ಲಿ ಇದಕ್ಕಿಂತ ಗಟ್ಟಿಯಾದ ಸೂತ್ರ ನಾನು ಕಂಡಿಲ್ಲ. ಅರ್ಥವಾಗದ ಮಾತಿನ ಅಕ್ಷರ ಕಲಿಸಿದರೆ ಮಗು ಅದನ್ನು ಚಿತ್ರದಂತೆ ತಿದ್ದುತ್ತದೆ, ಗಿಣಿಯಂತೆ ಒಪ್ಪಿಸುತ್ತದೆ. ಅಂಥ ಮಕ್ಕಳ ಓದನ್ನು ಕೇಳಿದವರಿಗೆ ಗೊತ್ತು. ಒಂದಕ್ಷರವೂ ತಪ್ಪದೆ ಇಡೀ ಪುಟ ಓದುತ್ತಾರೆ, ‘ಏನು ಓದಿದೆ’ ಎಂದರೆ ತಲೆ ತಗ್ಗಿಸುತ್ತಾರೆ. ಅದರ ಬದಲು ಮೊದಲ ಎರಡು ಮೂರು ತಿಂಗಳು ಕನ್ನಡವನ್ನು ಕೈಕಾಲಿನಿಂದ, ವಸ್ತುಗಳಿಂದ, ಆಟದಿಂದ ಕಲಿಸಬೇಕು. ‘ಕಲ್ಲು ಎತ್ತು’, ‘ಕಲ್ಲನ್ನು ಗಿಡದ ಹಿಂದೆ ಇಡು’ ಎಂದರೆ ಮಗು ಮಾಡಿ ತೋರಿಸುತ್ತದೆ. ಬಾಯಿಂದ ಉತ್ತರ ಬರಲೇಬೇಕೆಂಬ ಒತ್ತಾಯವಿಲ್ಲ. ಹೊಸ ಭಾಷೆಯ ಮುಂದೆ ಕೆಲವು ವಾರ ಸುಮ್ಮನೆ ಕೇಳುತ್ತ ಕೂರುವುದು ಮಗುವಿಗೆ ಸಹಜ. ಆ ಮೌನವನ್ನು ದಡ್ಡತನ ಎಂದು ಓದಬಾರದು.

ಕಥೆ ಹೇಳುವ ಕ್ರಮವನ್ನು ಕೊಂಚ ಹತ್ತಿರದಿಂದ ನೋಡೋಣ. ಸೋಮವಾರ ಅಡುಗೆಯವರೋ ಐದನೆಯ ತರಗತಿಯ ಹುಡುಗಿಯೋ ಒಂದು ಆಡಿನ ಕಥೆಯನ್ನು ಗೋರ್ ಬೋಲಿಯಲ್ಲಿ ಹೇಳುತ್ತಾರೆ. ಮಕ್ಕಳು ನಗುತ್ತಾರೆ, ನಡುವೆ ಬಾಯಿ ಹಾಕುತ್ತಾರೆ. ಮಂಗಳವಾರ ಅದೇ ಕಥೆಯ ಚಿತ್ರಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಾರೆ. ಬುಧವಾರ ಅಕ್ಕೋರು ಅದೇ ಕಥೆಯನ್ನು ಸರಳ ಕನ್ನಡದಲ್ಲಿ, ಅದೇ ಚಿತ್ರ ತೋರಿಸುತ್ತ ಹೇಳುತ್ತಾರೆ. ಕಥೆ ಮೊದಲೇ ಗೊತ್ತಿರುವುದರಿಂದ ಮಗುವಿನ ಗಮನವೆಲ್ಲ ಹೊಸ ಮಾತಿನ ಮೇಲೆ ನಿಲ್ಲುತ್ತದೆ. ‘ಆಡು ಓಡಿತು’ ಎಂದಾಗ ಯಾರು ಓಡಿದರು, ಏಕೆ ಓಡಿದರು ಎಂಬುದು ಅದಕ್ಕೆ ತಿಳಿದಿದೆ. ಗುರುವಾರ ಮಕ್ಕಳು ಕನ್ನಡದಲ್ಲಿ ಒಂದೊಂದು ಸಾಲು ಹೇಳುತ್ತಾರೆ, ತಿಳಿಯದ ಕಡೆ ತಮ್ಮ ಮಾತು ಸೇರಿಸುತ್ತಾರೆ. ಆ ಬೆರಕೆ ಮಾತನ್ನು ತಡೆಯಬಾರದು. ಎರಡು ಮಾತು ಬಲ್ಲವರೆಲ್ಲ, ದೊಡ್ಡವರೂ, ಹಾಗೆಯೇ ಮಾತನಾಡುತ್ತಾರೆ.

ಇನ್ನು ಲಿಪಿ. ಗೋರ್ ಬೋಲಿಗೆ ತನ್ನದೇ ಲಿಪಿಯಿಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ತೆಲುಗು ನಾಡಿನಲ್ಲಿ ತೆಲುಗು ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಇದನ್ನು ಕೊರತೆ ಎಂದು ನೋಡಬೇಕಾಗಿಲ್ಲ. ಮಗು ಓದುವ ಮೊದಲ ಪದ ಅದರ ಬಾಯಲ್ಲಿ ಈಗಾಗಲೇ ಇರುವ ಪದವಾಗಿರಲಿ, ಬರೆಯುವುದು ಮಾತ್ರ ಕನ್ನಡ ಲಿಪಿಯಲ್ಲಿ. ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ‘ರ ಗ ಸ ದ ಅ’ ಮೊದಲು, ಆಮೇಲೆ ‘ಜ ವ ಮ ಬ ನ’. ಬರೆಯಲು ಸುಲಭವಾದ, ಕನ್ನಡದ ಪುಟ್ಟ ಪದಗಳನ್ನು ಬೇಗ ಕಟ್ಟಿಕೊಡುವ ಅಕ್ಷರಗಳಿಗೆ ಅಲ್ಲಿ ಮೊದಲ ಜಾಗ. ಮಹಾಪ್ರಾಣಗಳು ತುಂಬ ತಡವಾಗಿ ಬರುತ್ತವೆ. ಕನ್ನಡದ ಹಳ್ಳಿಯ ಮಗುವಿಗೆ ಅದು ಸರಿ. ಅದರ ಬಾಯಲ್ಲಿ ಘ, ಛ, ಖ ಇರುವುದಿಲ್ಲ, ಶಾಲೆಗೆ ಬಂದ ಮೇಲೆ ಉಸಿರು ಒತ್ತಿ ಕಲಿಯಬೇಕು. ತಾಂಡಾದ ಮಗುವಿಗೆ ‘ಘ’ ತಾಯಿಹಾಲಿನೊಂದಿಗೆ ಬಂದದ್ದು. ದಿನಕ್ಕೆ ಹತ್ತು ಸಲ ‘ಘರ’ ಎನ್ನುವ ಮಗುವಿಗೆ ಆ ಅಕ್ಷರವನ್ನು ಕಾಯಿಸುವುದೇಕೆ? ಅದೇ ಅಕ್ಕೋರು ಒಂದು ದಿನ ಕರಿಹಲಗೆಯ ಮೇಲೆ ‘ಘರ’ ಎಂದು ಬರೆದು, ಮಕ್ಕಳೆಲ್ಲ ಓದಿ ಕೇಕೆ ಹಾಕಿದ ಮೇಲೆ, ಪಕ್ಕದಲ್ಲಿ ‘ಮನೆ’ ಎಂದು ಬರೆದರು. ಅದೇ ಊರಿನ ಕನ್ನಡ ಮನೆಗಳ ನಾಲ್ಕು ಮಕ್ಕಳು ಅಂದು ‘ಘ’ ಉಚ್ಚಾರವನ್ನು ತಾಂಡಾದ ಮಕ್ಕಳಿಂದ ಕಲಿತರು. ಹಿಂದೆ ಬಿದ್ದವರು ಎನಿಸಿಕೊಂಡವರು ಒಂದು ಅಕ್ಷರದ ಮಟ್ಟಿಗಾದರೂ ಗುರುಗಳಾದರು. ತರಗತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದು ಬದಲಾಗಲು ಇಷ್ಟು ಸಾಕಾಗುತ್ತದೆ.

ತಪ್ಪುಗಳನ್ನು ನೋಡುವ ಕಣ್ಣೂ ಬದಲಾಗಬೇಕು. ಗೋರ್ ಬೋಲಿಯಲ್ಲಿ ನಾಮಪದಗಳಿಗೆ ಇರುವುದು ಎರಡೇ ಲಿಂಗ, ಗಂಡು ಮತ್ತು ಹೆಣ್ಣು. ನಮ್ಮ ನಪುಂಸಕಲಿಂಗ ಅಲ್ಲಿಲ್ಲ. ಆದ್ದರಿಂದ ಮಗು ‘ಬಸ್ಸು ಬಂದನು’ ಎಂದರೆ ಅದು ಅಜ್ಞಾನದಿಂದ ಹೇಳಿದ್ದಲ್ಲ, ತನ್ನ ಭಾಷೆಯ ವ್ಯಾಕರಣವನ್ನು ಪಾಲಿಸಿ ಹೇಳಿದ್ದು. ನಗಬಾರದು, ನಿಲ್ಲಿಸಿ ಪಾಠ ಮಾಡಬಾರದು. ‘ಹೌದಾ, ಬಸ್ಸು ಬಂದಿತಾ? ಎಲ್ಲಿಂದ ಬಂದಿತು?’ ಎಂದು ಸರಿಯಾದ ರೂಪವನ್ನು ಮಾತಿನಲ್ಲೇ ಮರಳಿ ಕೊಟ್ಟರೆ ಮಗು ಅದನ್ನು ಹೆಕ್ಕಿಕೊಳ್ಳುತ್ತದೆ. ಇದೇ ಸೌಜನ್ಯ ಕಲಬುರಗಿ, ಬೀದರ್‌ ಕಡೆಯ ಕನ್ನಡ ಮಕ್ಕಳಿಗೂ ಸಲ್ಲಬೇಕು. ಅವರ ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ದೂರ ಕಡಿಮೆಯೇನಲ್ಲ.

ಭಾಷೆಯಷ್ಟೇ ಮುಖ್ಯವಾದದ್ದು ಮಗು ಮನೆಯಿಂದ ಹೊತ್ತು ತರುವ ತಿಳಿವಳಿಕೆ. ಶ್ರಾವಣದಲ್ಲಿ ತಾಂಡಾದ ಮದುವೆಯಾಗದ ಹುಡುಗಿಯರು ತೀಜ್ ಹಬ್ಬ ಆಚರಿಸುತ್ತಾರೆ. ಬುಟ್ಟಿಯಲ್ಲಿ ಮಣ್ಣು, ಗೊಬ್ಬರ ಹಾಕಿ ಗೋಧಿ ಬಿತ್ತಿ, ಒಂಬತ್ತು ದಿನ ಹಾಡುತ್ತ ನೀರೆರೆದು, ಎದ್ದ ಪೈರನ್ನು ಹಂಚಿ ಹಬ್ಬ ಮುಗಿಸುತ್ತಾರೆ. ಪರಿಸರ ಅಧ್ಯಯನದಲ್ಲಿ ಬೀಜ ಮೊಳೆಯುವ ಪಾಠ ಬಂದಾಗ ಅದೇ ಹುಡುಗಿಯರಿಗೆ ಒದ್ದೆ ಹತ್ತಿಯಲ್ಲಿ ಹೆಸರುಕಾಳು ಇಡುವ ಚಿತ್ರ ತೋರಿಸಿ ‘ಬೀಜ ಮೊಳೆಯಲು ಏನೇನು ಬೇಕು’ ಎಂದು ಉರು ಹೊಡೆಸುತ್ತೇವೆ. ಬುಟ್ಟಿಗೆ ನೀರು ಹೆಚ್ಚಾದರೆ ಏನಾಗುತ್ತದೆ, ನೆರಳಲ್ಲಿಟ್ಟ ಪೈರು ಏಕೆ ಹಳದಿಯಾಗುತ್ತದೆ ಎಂಬುದು ಅವರ ಕೈಗೆ ಗೊತ್ತಿದೆ. ಪಾಠ ಅಲ್ಲಿಂದ ಆರಂಭವಾದರೆ ‘ಮೊಳಕೆ’, ‘ತೇವಾಂಶ’, ‘ಬೆಳಕು’ ಎಂಬ ಕನ್ನಡದ ಮಾತುಗಳು ತಿಳಿದ ಸಂಗತಿಗೆ ಇಟ್ಟ ಹೆಸರುಗಳಾಗುತ್ತವೆ. ಲಂಬಾಣಿ ಕಸೂತಿಯಲ್ಲಿ ತ್ರಿಕೋನ, ಚೌಕ, ಸಮ್ಮಿತಿ ಇವೆ. ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯೇ ಸಿಕ್ಕಿದೆ. ಆ ಬಟ್ಟೆಯನ್ನು ಸ್ವಾತಂತ್ರ್ಯೋತ್ಸವದ ನೃತ್ಯಕ್ಕೆ ಉಡಿಸಿ ಕೈಬಿಡುತ್ತೇವೆ, ಗಣಿತದ ಪಾಠಕ್ಕೆ ತರುವುದಿಲ್ಲ.

ಹೀಗೆ ಮನೆಯ ರೀತಿಯನ್ನು ತರಗತಿಯೊಳಗೆ ಬಿಟ್ಟುಕೊಂಡರೆ ಓದು ಸುಧಾರಿಸುತ್ತದೆ ಎಂಬುದಕ್ಕೆ ದೂರದ ಹವಾಯಿ ದ್ವೀಪದಲ್ಲಿ ಒಳ್ಳೆಯ ನಿದರ್ಶನವಿದೆ. 1970ರ ದಶಕದಲ್ಲಿ ಹೊನೊಲುಲುವಿನ ಕಮೆಹಮೆಹಾ ಎಂಬ ಬಾಲಶಿಕ್ಷಣ ಕಾರ್ಯಕ್ರಮದವರು ಅಲ್ಲಿನ ಮೂಲನಿವಾಸಿ ಮಕ್ಕಳು ಓದಿನಲ್ಲಿ ಹಿಂದಿರುವುದೇಕೆ ಎಂದು ಹುಡುಕಿದರು. ಆ ಮಕ್ಕಳ ಮನೆಗಳಲ್ಲಿ ಕಥೆಯನ್ನು ಒಬ್ಬರೇ ಹೇಳುವುದಿಲ್ಲ, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ ಎಲ್ಲರೂ ಕೂಡಿ ಹೇಳುತ್ತಾರೆ. ಶಾಲೆಯಲ್ಲಿ ಕೈಯೆತ್ತಿ ಒಬ್ಬೊಬ್ಬರೇ ಉತ್ತರಿಸಬೇಕಾದಾಗ ಅದೇ ಮಕ್ಕಳು ಮೂಕರಾಗುತ್ತಿದ್ದರು. ಓದಿನ ಗುಂಪುಗಳಲ್ಲಿ ಮನೆಯ ಹಾಗೆ ಒಟ್ಟಿಗೆ ಮಾತನಾಡಲು ಬಿಟ್ಟು, ಕಥೆಯ ಅರ್ಥದ ಮೇಲೆ ಗಮನವಿಟ್ಟಾಗ ಓದು ಚೇತರಿಸಿತು. ತಾಂಡಾದ ಮಕ್ಕಳ ‘ಗದ್ದಲ’ವನ್ನು ನಾನು ಈಗ ಬೇರೆ ಕಿವಿಯಿಂದ ಕೇಳುತ್ತೇನೆ.

ಗಣಿತದ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಈ ಮಕ್ಕಳು ಸೋಲುವುದು ಲೆಕ್ಕದಲ್ಲಲ್ಲ, ಲೆಕ್ಕದ ವಾಕ್ಯದಲ್ಲಿ. ‘ಇವಳ ಬಳಿ ಅವನಿಗಿಂತ ಎಷ್ಟು ಹೆಚ್ಚು ಗೋಲಿಗಳಿವೆ’ ಎಂಬಲ್ಲಿ ‘ಹೆಚ್ಚು’ ಕೇಳಿ ಕೂಡಿಸಿಬಿಡುತ್ತಾರೆ. ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳಿದರೆ ಎಷ್ಟೋ ಮಕ್ಕಳು ಬಾಯಲ್ಲೇ ಉತ್ತರ ಹೇಳುತ್ತಾರೆ. ಹಾಗಾಗಿ ಮೊದಲ ಎರಡು ಮೂರು ವರ್ಷ ಗಣಿತದ ಮೌಲ್ಯಮಾಪನ ಮೌಖಿಕವಾಗಿ, ಮಗುವಿಗೆ ತಿಳಿಯುವ ಮಾತಿನಲ್ಲೂ ನಡೆಯಬೇಕು. ಇಲ್ಲವಾದರೆ ನಾವು ಅಳೆಯುವುದು ಅದರ ಕನ್ನಡವನ್ನು, ಬರೆದುಕೊಳ್ಳುವುದು ಗಣಿತದ ಅಂಕವೆಂದು.

ಇದೆಲ್ಲ ಒಬ್ಬಿಬ್ಬರು ಉತ್ಸಾಹಿ ಶಿಕ್ಷಕರ ಹೆಗಲ ಮೇಲೆ ನಿಲ್ಲುವ ಕೆಲಸವಲ್ಲ, ನಿಲ್ಲಲೂಬಾರದು. ಬೇರೆ ರಾಜ್ಯಗಳು ದಾರಿ ತೋರಿಸಿವೆ. ಅವಿಭಜಿತ ಆಂಧ್ರಪ್ರದೇಶ 2004ರ ಹೊತ್ತಿಗೇ ಎಂಟು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಆರಂಭಿಸಿತು. ಆ ಎಂಟರಲ್ಲಿ ಬಂಜಾರರ, ಅಂದರೆ ಲಂಬಾಣಿಗರ, ಮಾತೂ ಒಂದು, ಪುಸ್ತಕಗಳು ತೆಲುಗು ಲಿಪಿಯಲ್ಲಿ. ಒಡಿಶಾ 2006ರಲ್ಲಿ ಹತ್ತು ಭಾಷೆಗಳಿಂದ ಹೊರಟು ಮುಂದೆ ಅದನ್ನು 21ಕ್ಕೆ ಹಿಗ್ಗಿಸಿತು. ಅಲ್ಲಿ ಮಗು ಮನೆಮಾತಿನಲ್ಲಿ ಓದುಬರಹ ಕಲಿಯುತ್ತ ವರ್ಷದಿಂದ ವರ್ಷಕ್ಕೆ ಒಡಿಯಾದತ್ತ ಸರಿಯುತ್ತದೆ. ಕೇರಳ 2017ರಲ್ಲಿ ಗೋತ್ರಬಂಧು ಎಂಬ ಯೋಜನೆಯಡಿ ವಯನಾಡಿನ ಶಾಲೆಗಳಿಗೆ ಆದಿವಾಸಿ ಸಮುದಾಯಗಳಲ್ಲೇ ಓದಿ ಬಂದ ಇನ್ನೂರಕ್ಕೂ ಹೆಚ್ಚು ಯುವಕ ಯುವತಿಯರನ್ನು ಮಾರ್ಗದರ್ಶಿ ಶಿಕ್ಷಕರಾಗಿ ನೇಮಿಸಿತು. ವಯನಾಡಿನ ಕಾಡು ದಾಟಿದರೆ ನಮ್ಮ ಹೆಗ್ಗಡದೇವನಕೋಟೆ. ಆದಿವಾಸಿಗಳು ವಾಸಿಸುವ ಹಾಡಿಗಳ ಮಕ್ಕಳು ಅಲ್ಲಿಯೂ ಇದ್ದಾರೆ, ಆಶ್ರಮ ಶಾಲೆಗಳಿವೆ, ಡಿ.ಇಡಿ., ಬಿ.ಇಡಿ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಆದಿವಾಸಿ ಯುವಜನರೂ ಇದ್ದಾರೆ. ಇಂಥ ನೇಮಕಕ್ಕೆ ಹೊಸ ಸಂಶೋಧನೆ ಬೇಕಾಗಿಲ್ಲ, ಒಂದು ಸರ್ಕಾರಿ ಆದೇಶ ಸಾಕು.

ಭಾರತೀಯ ಭಾಷೆಗಳ ಅಧ್ಯಯನಕ್ಕೆಂದೇ 1969ರಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆ ಇರುವುದು ನಮ್ಮ ಮೈಸೂರಿನಲ್ಲೇ. ಅದು ಮತ್ತು ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಸೇರಿ 52 ಭಾಷೆಗಳಲ್ಲಿ ಸಿದ್ಧಪಡಿಸಿದ ಪ್ರಾಥಮಿಕ ಪುಸ್ತಿಕೆಗಳು 2024ರಲ್ಲಿ ಬಿಡುಗಡೆಯಾದವು. ಪುಸ್ತಿಕೆ ಬಂದರಷ್ಟೇ ಸಾಲದು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಪಾಠ ಮಾಡಿ ತೋರಿಸುವವರು ಬೇಕು. ಶಿಕ್ಷಕ ತರಬೇತಿಯಲ್ಲಿ ‘ಎರಡನೆಯ ಭಾಷೆಯಾಗಿ ಕನ್ನಡ’ ಎಂಬ ವಿಷಯ ಬೇಕು.

ಬೆಂಗಳೂರಿನ ಹೊರವಲಯದ ಶಾಲೆಗಳಲ್ಲಿ ಸಮಸ್ಯೆಯ ರೂಪ ಬೇರೆ. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ತೆಲುಗು, ತಮಿಳು, ಉರ್ದು, ಹಿಂದಿ, ನೇಪಾಳಿ ಮಾತಿನವರು ಒಂದೇ ಕೋಣೆಯಲ್ಲಿ. ಐದಾರು ಭಾಷೆ ಕಲಿಯಿರಿ ಎಂದು ಯಾವ ಶಿಕ್ಷಕರಿಗೂ ಹೇಳಲಾಗದು. ಅಲ್ಲಿ ಮಕ್ಕಳೇ ಸೇತುವೆಯಾಗಬೇಕು. ಒಂದೇ ಮಾತಿನ ಇಬ್ಬರನ್ನು ಜೊತೆಗೆ ಕೂರಿಸಿ, ಮೊದಲು ತಮ್ಮ ಮಾತಿನಲ್ಲಿ ಚರ್ಚಿಸಲಿ, ಬಳಿಕ ಕನ್ನಡದಲ್ಲಿ ಹೇಳಲಿ. ‘ತರಗತಿಯಲ್ಲಿ ಕನ್ನಡ ಮಾತ್ರ’ ಎಂಬ ನಿಯಮದಿಂದ ಕನ್ನಡ ಬೆಳೆಯುವುದಿಲ್ಲ, ಮೌನ ಬೆಳೆಯುತ್ತದೆ. ಕನ್ನಡದ ಮೇಲಿನ ಪ್ರೀತಿಯಿಂದಲೇ ಈ ಮಾತು ಹೇಳುತ್ತಿದ್ದೇನೆ.

‘ನಮ್ಮ ಮಾತು ಮನೆಯಲ್ಲಿ ಇದ್ದೇ ಇದೆ, ಶಾಲೆಗೆ ಕಳಿಸುವುದು ಕನ್ನಡ, ಇಂಗ್ಲಿಷ್ ಕಲಿಯಲಿ ಎಂದು, ನೀವು ಅಲ್ಲಿಯೂ ಗೋರ್ ಬೋಲಿ ಆಡಿಸಿದರೆ ನಮ್ಮ ಮಕ್ಕಳು ಕೂಲಿಯವರಾಗಿಯೇ ಉಳಿಯುವುದಿಲ್ಲವೇ’ ಎಂದು ಒಬ್ಬ ತಾಯಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿದ್ದರು. ಈ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ಆಕೆಯ ಆತಂಕದ ಹಿಂದೆ ತಲೆಮಾರುಗಳ ಅನುಭವವಿದೆ. ಆಕೆಗೆ ಕೊಡಬಹುದಾದ ಪ್ರಾಮಾಣಿಕ ಉತ್ತರವೆಂದರೆ ಮಗುವಿನ ಕನ್ನಡ. ಮನೆಮಾತಿನ ಆಸರೆಯಿಂದ ಕಲಿತ ಮಗು ಎರಡನೆಯ ತರಗತಿಯ ಕೊನೆಗೆ ಕನ್ನಡದ ಪುಟ ಓದಿ ಅರ್ಥ ಹೇಳಿದರೆ ತಾಯಿ ಒಪ್ಪುತ್ತಾಳೆ. ಹೇಳದಿದ್ದರೆ ಆಕೆ ಒಪ್ಪಬೇಕಾಗಿಯೂ ಇಲ್ಲ. ಮನೆಮಾತನ್ನು ಒಳಗೆ ಕರೆದುಕೊಳ್ಳುವುದೆಂದರೆ ಗುರಿಯನ್ನು ಇಳಿಸುವುದಲ್ಲ; ‘ಇವರಿಗೆ ಇಷ್ಟೇ ಸಾಕು’ ಎಂಬ ಕನಿಕರ ಈ ಮಕ್ಕಳಿಗೆ ಬೈಗುಳಕ್ಕಿಂತ ಹೆಚ್ಚು ಕೇಡು ಮಾಡಿದೆ.

ಕೊನೆಯದಾಗಿ ಗುಳೆ. ದೀಪಾವಳಿಯಲ್ಲಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹಾಡಿ ಹರಸುತ್ತಾರೆ. ಅದಾದ ಕೆಲವೇ ದಿನಗಳಲ್ಲಿ ಲಾರಿಗಳು ಬಂದು ನಿಲ್ಲುತ್ತವೆ. ಮುಂಗಡ ಪಡೆದ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಪುಣೆ, ಮುಂಬೈ, ಗೋವಾಗಳಿಗೆ ಹೊರಡುತ್ತವೆ. ಮಕ್ಕಳು ಮರಳುವುದು ಬೇಸಿಗೆಯ ಹೊತ್ತಿಗೆ. ಅಷ್ಟರಲ್ಲಿ ಕಿವಿಗೆ ಬಿದ್ದದ್ದು ಮರಾಠಿ, ಕೈ ಹಿಡಿದದ್ದು ಕಬ್ಬಿನ ಸೋಗೆ. ಅಜ್ಜ ಅಜ್ಜಿಯರ ಬಳಿ ಉಳಿಯಬಲ್ಲ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ದೀಪಾವಳಿಗೆ ಮೊದಲೇ ತೆರೆದಿರಬೇಕು. ಡಿಸೆಂಬರಿನಲ್ಲಿ ತೆರೆದರೆ ಮಲಗಲು ಮಕ್ಕಳೇ ಇರುವುದಿಲ್ಲ. ಹೋಗಲೇಬೇಕಾದ ಮಗುವಿಗೆ ವರ್ಗಾವಣೆ ಪತ್ರವಿಲ್ಲ ಎಂಬ ಕಾರಣಕ್ಕೆ ಯಾವ ಸರ್ಕಾರಿ, ಅನುದಾನಿತ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಹೇಳುತ್ತದೆ. ಆ ಮಾತು ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಗೂ ತಾಯ್ತಂದೆಯರಿಗೂ ಲಾರಿ ಹತ್ತುವ ಮುನ್ನ ತಿಳಿದಿರಬೇಕು.

ಮರಳಿ ಬಂದ ಮಗುವಿಗೆ ನಲಿ-ಕಲಿಯ ಏಣಿಯಲ್ಲಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕೆಯ ಕಾರ್ಡುಗಳ ಸಾಲಿನಲ್ಲಿ, ಒಂದು ದೊಡ್ಡ ಅನುಕೂಲವಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿಯಿಂದ ಸ್ಫೂರ್ತಿ ಪಡೆದು ಇದನ್ನು ಕಟ್ಟಿದ ಶಿಕ್ಷಕರ ಮನಸ್ಸಿನಲ್ಲಿ ಶಾಲೆ ತಪ್ಪಿಸುವ ಮಕ್ಕಳ ಚಿಂತೆಯೂ ಇತ್ತು. ಮಗು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ತರಗತಿ ಮುಂದೆ ಓಡಿಹೋಗಿರುವುದಿಲ್ಲ. ಸಿಲಬಸ್ ಮುಗಿಸುವ ಅವಸರದಲ್ಲಿ ಏಣಿಯನ್ನು ಗೋಡೆಯ ಚಿತ್ರವಾಗಿಸಿ ಎಲ್ಲರಿಗೂ ಒಂದೇ ಕಾರ್ಡು ಹಂಚುವ ಕಡೆ ಈ ಅನುಕೂಲ ಸತ್ತುಹೋಗುತ್ತದೆ.

‘ಕಾಯಿ’ ಎಂದು ಕೇಳಿದ್ದ ಹುಡುಗಿಯೂ ಆ ವರ್ಷ ಗುಳೆ ಹೋದಳು, ಏಪ್ರಿಲ್‌ನಲ್ಲಿ ಬಂದಳು. ಅವಳು ಬರೆದಿದ್ದ ‘ಘರ’ ಎಂಬ ಹಾಳೆ ಕಲಿಕಾ ಚಪ್ಪರದ ತಂತಿಗೆ ಇನ್ನೂ ತೂಗುತ್ತಿತ್ತು. ಮರುವರ್ಷ ಅಕ್ಕೋರಿಗೆ ಅವರು ಕೇಳಿದ್ದ ತಾಲ್ಲೂಕಿಗೆ ವರ್ಗಾವಣೆಯಾಯಿತು. ಶಾಲೆ ಬಿಡುವ ದಿನ ಚಾರ್ಜ್ ಪಟ್ಟಿ ತಯಾರಾಯಿತು: ಕುರ್ಚಿ, ಕಪಾಟು, ನಲಿ-ಕಲಿ ಕಾರ್ಡುಗಳ ಪೆಟ್ಟಿಗೆ, ದಾಖಲಾತಿ ರಿಜಿಸ್ಟರು. ಎಲ್ಲಕ್ಕೂ ಸಹಿ ಹಾಕಿದ ಮೇಲೆ ಅವರು ಪಟ್ಟಿಯ ಕೊನೆಯಲ್ಲಿ ತಮ್ಮ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿಸಿದರು: ಗೋರ್ ಬೋಲಿ ಪದಗಳ ನೋಟ್‌ಬುಕ್, 1.